ತಲೆ ತಿರುಗಿದ್ದು ಬಸಿರಿನಿಂದಲ್ಲ

ಪುಣೆಯಿಂದ ಸೊಲ್ಲಾಪುರ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರ್ ಬಂದರೆ ಕುರಕುಂಭ ಸಿಗುತ್ತದೆ. ಒಂದು ಕಡೆ ಫಿರಂಗಾಯಿ ದೇವಿಯ ಗುಡಿ, ಇನ್ನೊಂದು ಕಡೆ ರಾಸಾಯನಿಕ ಕಾರ್ಖಾನೆಗಳ ಎಂಐಡಿಸಿ. ಹತ್ತಿರದಲ್ಲೇ ದೌಂಡ್ ಜಂಕ್ಷನ್. ಅಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೊಲ್ಲಾಪುರ ದಾಟಿ ನನ್ನ ತವರು ಕಲಬುರಗಿ. ನೇರ ರೈಲಿದೆಯಲ್ಲ ಎಂಬ ಧೈರ್ಯದ ಮೇಲೆಯೇ ನಾನು ಈ ಊರಿಗೆ ಬರಲು ಒಪ್ಪಿದ್ದು.

ಯಜಮಾನರಿಗೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ನನ್ನದು ಪುಣೆಯ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ. ವಾರಕ್ಕೊಂದು ದಿನ ಕಚೇರಿಗೆ ಹೋದರೆ ಸಾಕು. ದೀಪಾವಳಿ ಮುಗಿಸಿಕೊಂಡು ಸಾಮಾನು ಲಾರಿಗೆ ಹಾಕುವಾಗ ನನಗೆ ನಾಲ್ಕನೇ ತಿಂಗಳು. "ಬಸುರಿ ಇದ್ದಾಗ ಮನಿ ಬದಲಿ ಮಾಡಬಾರದವ್ವಾ" ಎಂದು ಅಮ್ಮ ಫೋನಿನಲ್ಲಿ ಮೂರು ಸಲ ಹೇಳಿದ್ದಳು. ಎಂ.ಟೆಕ್. ಓದಿದ ಮಗಳು ಕೇಳುತ್ತಾಳೆಯೇ? ನಕ್ಕು ಸುಮ್ಮನಾದೆ.

ಮನೆಯನ್ನು ನಾವು ನೋಡಿದ್ದು ಮಧ್ಯಾಹ್ನದ ಬಿಸಿಲಿನಲ್ಲಿ, ಹದಿನೈದೇ ನಿಮಿಷ. ಹೊಸ ಬಣ್ಣ ಬಳಿದಿದ್ದರು, ಬಾಡಿಗೆ ಕಡಿಮೆಯಿತ್ತು. ಒಳಗೆ ಬಂದ ವಾರದಲ್ಲೇ ಒಂದೊಂದೇ ಹೊರಬಿತ್ತು. ಮಲಗುವ ಕೋಣೆಯ ಗೋಡೆಗೆ ತೇವ. ಅಡುಗೆಮನೆಯ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕುವುದು. ಬೋರ್‌ವೆಲ್ ನೀರು ಎಷ್ಟು ಗಡಸೆಂದರೆ ಸೋಪು ನೊರೆಯಾಗದು. ಬಚ್ಚಲಿನ ಗಾಳಿಕಿಂಡಿಯ ಗಾಜು ಒಡೆದಿತ್ತು. ವೈರಿಂಗ್‌ಗೆ ಅರ್ಥಿಂಗ್ ಸರಿಯಿರಲಿಲ್ಲ. ಹಿಂದಿನವರಿಗೆ ಕರೆಂಟಿನ ಗೀಸರಿನಿಂದ ಶಾಕ್ ಹೊಡೆದಿತ್ತಂತೆ. ಅದಕ್ಕೆ ಮಾಲೀಕರು ಅರ್ಥಿಂಗ್ ಮಾಡಿಸುವ ಬದಲು ಆ ಗೀಸರನ್ನೇ ತೆಗೆದು, ಬಚ್ಚಲೊಳಗೇ ಗ್ಯಾಸ್ ಗೀಸರ್ ಕೂರಿಸಿದ್ದರು.

ದೂರು ಹೇಳಲು ನನಗೆ ಸಂಕೋಚ. ನನ್ನ ಮರಾಠಿ ತರಕಾರಿ ಕೊಳ್ಳುವಷ್ಟಕ್ಕೆ ಮಾತ್ರ ಸಾಲುತ್ತಿತ್ತು. ಮಾಲೀಕರು ಸಿಟ್ಟಾಗಿ ಮನೆ ಬಿಡಿ ಎಂದರೆ ಈ ಹೊಟ್ಟೆ ಹೊತ್ತು ಮತ್ತೆಲ್ಲಿ ಅಲೆಯುವುದು? "ಹೇಗೂ ಏಳನೇ ತಿಂಗಳಿಗೆ ಕುಬಸ ಮಾಡಿಸಿಕೊಂಡು ತವರಿಗೆ ಹೋಗುವವಳು, ಅಲ್ಲಿಯವರೆಗೆ ನಡೆಯುತ್ತದೆ" ಎಂದುಕೊಂಡೆ.

ಡಿಸೆಂಬರ್ ಬಂತು. ಕಬ್ಬಿನ ಗಾಡಿಗಳ ಧೂಳು, ಬೆಳಗಿನ ಚಳಿ, ಕೆಲವು ರಾತ್ರಿ ಗಾಳಿಯಲ್ಲಿ ರಾಸಾಯನಿಕದ ಘಾಟು. ಮಗುವಿಗೆ ಏನಾದರೂ ಆದೀತೆಂದು ಹೆದರಿ ನಾನೇ ಒಂದು ಭಾನುವಾರ ಬಚ್ಚಲಿನ ಒಡೆದ ಕಿಂಡಿಗೆ ರಟ್ಟು ಇಟ್ಟು ಟೇಪ್ ಅಂಟಿಸಿದೆ. ಅಷ್ಟು ಮಾಡಿ ನೆಮ್ಮದಿಯಾಗಿ ಮಲಗಿದೆ.

ಆಮೇಲೆ ಬೆಳಿಗ್ಗೆ ಸ್ನಾನವಾದ ಮೇಲೆ ತಲೆನೋವು, ಸುಸ್ತು, ವಾಕರಿಕೆ ಶುರುವಾಯಿತು. ಅಮ್ಮನಿಗೆ ಹೇಳಿದರೆ, "ಬಸುರಿ ಅಂದ್ರ ತಲಿ ತಿರಗೂದ, ಅದಕ್ಯಾಕ ಅಂಜತಿ?" ಎಂದಳು. ಗೆಳತಿಯರೂ ಅದನ್ನೇ ಹೇಳಿದರು. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿ ನೋಡಿದೆ. 98 ತೋರಿಸಿತು. ಯಂತ್ರವೇ ಹೇಳಿದ ಮೇಲೆ ಇನ್ನೇನು?

ಒಂದು ದಿನ ತಲೆಸ್ನಾನಕ್ಕೆ ಹೋದವಳು ಸ್ವಲ್ಪ ಹೆಚ್ಚು ಹೊತ್ತು ಒಳಗಿದ್ದೆ. ಗೋಡೆ ಹಿಡಿದದ್ದು ಮಾತ್ರ ನೆನಪು. ಕಣ್ಣು ಬಿಟ್ಟಾಗ ವರಾಂಡದಲ್ಲಿದ್ದೆ, ಯಜಮಾನರ ಕೈ ನಡುಗುತ್ತಿತ್ತು. "ಬಸುರಿ ಬಚ್ಚಲದ ಅಗಳಿ ಹಾಕಬ್ಯಾಡ" ಎಂಬ ಅಮ್ಮನ ಒಂದು ಮಾತನ್ನು ಮಾತ್ರ ನಾನು ಪಾಲಿಸಿದ್ದೆ. ಅಗಳಿ ಹಾಕಿದ್ದರೆ ಈ ಲೇಖನ ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ಅದನ್ನೂ ಬಸಿರಿನ ಲೆಕ್ಕಕ್ಕೇ ಹಾಕಿ ಎರಡು ದಿನ ಕಳೆದೆವು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಗೇ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. "ಯಾವಾಗಲೂ ಸ್ನಾನವಾದ ಮೇಲೇ ಆಗುತ್ತದೆಯೇ? ನೀರು ಯಾವುದರಲ್ಲಿ ಕಾಯಿಸುತ್ತೀರಿ?"

ಯಜಮಾನರು ಹಣೆ ಚಚ್ಚಿಕೊಂಡರು. ಕಾರ್ಖಾನೆಯಲ್ಲಿ ಗ್ಯಾಸ್ ಮೀಟರ್ ಇಲ್ಲದೆ ಟ್ಯಾಂಕಿನ ಹತ್ತಿರ ಹೋಗದ ಮನುಷ್ಯ ಅವರು. ಸುರಕ್ಷತಾ ವಿಭಾಗದಲ್ಲಿ ಕೇಳಿ ಒಂದು ಕೈಮೀಟರ್ ತಂದರು. ಗೀಸರ್ ಹಚ್ಚಿ, ಮೀಟರ್ ಒಳಗಿಟ್ಟು, ಬಾಗಿಲು ಮುಚ್ಚಿ ಹೊರಗೆ ನಿಂತೆವು. ಕೆಲವೇ ನಿಮಿಷಗಳಲ್ಲಿ ಅದು ಕೂಗತೊಡಗಿತು.

ಆಗಿದ್ದು ಇಷ್ಟೇ. ಎಲ್‌ಪಿಜಿ ಉರಿಯಲು ಆಮ್ಲಜನಕ ಬೇಕು. ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಅದು ಬೇಗ ಕಡಿಮೆಯಾಗುತ್ತದೆ, ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ತಿಳಿಯಲೆಂದು ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ಈ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿನ ಆಕ್ಸಿಮೀಟರ್‌ಗೆ ಎರಡರ ವ್ಯತ್ಯಾಸ ತಿಳಿಯದು, ವಿಷ ಸೇರಿದ ರಕ್ತವನ್ನೂ ಚೆನ್ನಾಗಿದೆ ಎಂದೇ ತೋರಿಸುತ್ತದೆ. ಮಾಸು ದಾಟಿ ಇದು ಮಗುವಿಗೂ ತಲುಪುತ್ತದೆ, ಮಗುವಿನ ರಕ್ತದಿಂದ ಹೊರಹೋಗಲು ತಾಯಿಗಿಂತ ಹೆಚ್ಚು ಹೊತ್ತು ಬೇಕು. ಎರಡು ದಿನ ತಡವಾದ್ದರಿಂದ ರಕ್ತಪರೀಕ್ಷೆಯಲ್ಲಿ ಇನ್ನೇನೂ ಸಿಗುವುದಿಲ್ಲ ಎಂದರು ಡಾಕ್ಟರಮ್ಮ. ಸ್ಕ್ಯಾನ್‌ನಲ್ಲಿ ಮಗುವಿನ ಎದೆಬಡಿತ ಕೇಳುವವರೆಗಿನ ಆ ಅರ್ಧ ಗಂಟೆಯನ್ನು ನಾನು ಯಾರಿಗೂ ವಿವರಿಸಲಾರೆ.

ನಮ್ಮ ವೃತ್ತಿಯಲ್ಲಿ 'ಪ್ಯಾಚ್' ಎಂಬ ಮಾತಿದೆ. ಮೂಲ ದೋಷ ಸರಿಪಡಿಸದೆ ಮೇಲೊಂದು ತೇಪೆ ಹಾಕುವುದು. ಶಾಕ್‌ಗೆ ಗ್ಯಾಸ್ ಗೀಸರ್ ಮಾಲೀಕರ ತೇಪೆ, ಒಡೆದ ಗಾಜಿಗೆ ರಟ್ಟು ನನ್ನ ತೇಪೆ. ಎರಡೂ ಸೇರಿ ಬಚ್ಚಲನ್ನು ವಿಷದ ಡಬ್ಬಿ ಮಾಡಿದವು. ಇಷ್ಟರ ಮೇಲೆ ಮೂರನೆಯ ತೇಪೆ, "ಬಸುರಿ ಅಂದ್ರೆ ಹಾಗೇ" ಎಂಬ ಮಾತು. ಮನೆಯ ದೋಷವನ್ನು ನನ್ನ ಮೈಯ ದೋಷವೆಂದು ಎಲ್ಲರೂ ನಂಬಿದ್ದೆವು, ನಾನೂ ಸೇರಿ.

"ಎಲ್ಲರ ಮನೆಯಲ್ಲೂ ಹೀಗೇ ಇದೆ" ಎಂದು ಮಾಲೀಕರು ಮೊದಲು ತಳ್ಳಿಹಾಕಿದರು. ಮೀಟರ್ ಕೂಗಿದ್ದನ್ನು ತೋರಿಸಿದ ಮೇಲೆ ಒಪ್ಪಿದರು. ಅರ್ಧ ಖರ್ಚು ನಮ್ಮ ಮೇಲೆಯೇ ಬಿತ್ತು. ಗೀಸರ್ ಹೊರಗೋಡೆಗೆ ಹೋಯಿತು, ಕೊಳವೆಯಲ್ಲಿ ಬಿಸಿನೀರು ಮಾತ್ರ ಒಳಗೆ ಬಂತು. ಅರ್ಥಿಂಗ್ ಆಯಿತು. ಕಿಂಡಿಗೆ ಸೊಳ್ಳೆ ಪರದೆ ಬಂತು. ಪ್ಲಂಬರ್ ಹೊರಡುವಾಗ, "ತಾಯಿ, ಖಿಡಕಿ ಬಂದ್ ಕರೂ ನಕಾ" ಎಂದ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ನನ್ನ ಕಿವಿಗೆ ಅದು ಕನ್ನಡದಲ್ಲೇ ಕೇಳಿಸಿತು.

ಹೊರರಾಜ್ಯಕ್ಕೆ ಮನೆ ಹುಡುಕಿ ಬರುವವರಿಗೆ ನನ್ನದೊಂದು ಮಾತು. ಬಣ್ಣ ನೋಡಬೇಡಿ, ಬಚ್ಚಲಿಗೆ ಹೋಗಿ ಕಿಂಡಿ ನೋಡಿ. ಗೀಸರ್ ಒಳಗಿದ್ದರೆ ಕೀ ತೆಗೆದುಕೊಳ್ಳುವ ಮೊದಲೇ ಹೊರಗೆ ಹಾಕಿಸಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಉರಿ ಆರಿಸಿ, ಗಾಳಿ ಆಡಿದ ಮೇಲೆ ಸ್ನಾನ ಮಾಡಿ. ಮನೆಯ ದೋಷಗಳನ್ನು ಕರಾರಿನಲ್ಲೇ ಬರೆಸಿ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999ರ ಕಲಂ 55ರಂತೆ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲೀಕರದ್ದು. ಭಾಷೆ ಬಾರದಿದ್ದರೆ ಬರಹವೇ ನಮ್ಮ ಬಾಯಿ.

ಹೆರಿಗೆ ಕಲಬುರಗಿಯಲ್ಲಾಯಿತು. ಮಗಳು ಆರೋಗ್ಯವಾಗಿದ್ದಾಳೆ. ಬಾಣಂತಿ ಕೋಣೆಗೆ ಅಮ್ಮ ಕೆಂಡದ ಬುಟ್ಟಿ ತಂದು, ಕಿಟಕಿ ಮುಚ್ಚಲು ಹೋದಳು. ಮುಚ್ಚಿದ ಕೋಣೆಯ ಕೆಂಡವೂ ಅದೇ ವಿಷ ಕಾರುತ್ತದೆ ಎಂದು ತಿಳಿಸಿ ಹೇಳಿದೆ. "ಬಾಣಂತಿಗೆ ಗಾಳಿ ಹತ್ತತದ" ಎಂದು ಗೊಣಗಿದಳು. ಆಮೇಲೆ ನನ್ನ ತಲೆಗೆ ಇನ್ನೊಂದು ಸುತ್ತು ಸ್ಕಾರ್ಫ್ ಬಿಗಿದು, ಕೆಂಡವನ್ನು ಹೊರಗಿಟ್ಟು, ಕಿಟಕಿಯ ಒಂದು ಕದ ತೆರೆದೇ ಬಿಟ್ಟಳು.