ಎಮ್ಯುಲೇಟರೂ ಚಿತ್ರದೋಷವೂ

ಟೆಲಿವಿಷನ್ನಿಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆಗೆ ಕನ್ಸೋಲ್ ಎಂದು ಹೆಸರು. 1983ರಲ್ಲಿ ಜಪಾನಿನಲ್ಲಿ ಹೊರಬಂದ ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್, 2000ನೆಯ ಇಸವಿಯಲ್ಲಿ ಬಂದ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 2 ಮೊದಲಾದುವು ಈ ಜಾತಿಯವು. ಇವುಗಳ ತಯಾರಿಕೆ ನಿಂತುಹೋಗಿದೆ. ಆದರೆ ಅವುಗಳ ನಡೆಯನ್ನು ಕಂಪ್ಯೂಟರಿನೊಳಗೆ ಅನುಕರಿಸುವ ತಂತ್ರಾಂಶಗಳುಂಟು, ಅವೇ ಎಮ್ಯುಲೇಟರುಗಳು. ಪ್ಲೇಸ್ಟೇಷನ್ 2ಕ್ಕೆ ಪಿಸಿಎಸ್‌ಎಕ್ಸ್2, ನಿಂಟೆಂಡೊ ಗೇಮ್‌ಕ್ಯೂಬಿಗೆ ಡಾಲ್ಫಿನ್ ಪ್ರಸಿದ್ಧವಾದುವು. ಹಣ ಕೊಟ್ಟು ಕೊಂಡ ಆಟವನ್ನೇ ಇವುಗಳಲ್ಲಿ ಆಡುವುದು ನ್ಯಾಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂತಹ ಆಟದಲ್ಲಿ ಚಿತ್ರವು ತಡೆತಡೆದು ಚಲಿಸುವುದೂ ಬಣ್ಣಗಳು ಕದಡುವುದೂ ಉಂಟು. ಕೂಡಲೇ ಗ್ರಾಫಿಕ್ಸ್ ಕಾರ್ಡು ಕೆಟ್ಟಿತೆಂದು ತೀರ್ಮಾನಿಸಿ, ತಂದೆಯವರನ್ನು ನೆಹರೂ ಪ್ಲೇಸಿನ ಅಂಗಡಿಗಳಿಗೆ ಕರೆದೊಯ್ಯುವ ಆತುರ ನಮ್ಮಲ್ಲಿ ಅನೇಕರಿಗೆ. ಸಾವಿರಾರು ರೂಪಾಯಿಗಳ ಹೊಸ ಕಾರ್ಡನ್ನು ತಂದ ಮೇಲೂ ಆಟ ಕುಂಟಿದರೆ, ಆ ವೆಚ್ಚ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆಯೇ ಸರಿ. ಆದಕಾರಣ ದೋಷದ ಮೂಲವನ್ನು ಮೊದಲು ಅರಿಯಬೇಕು.

ಊರಿನಿಂದ ದಿಲ್ಲಿಗೆ ಬಂದ ಅಜ್ಜಿಗೆ ತರಕಾರಿಯವನ ಹಿಂದಿ ತಿಳಿಯದು. ಮೊಮ್ಮಗಳು ಪಕ್ಕದಲ್ಲಿ ನಿಂತು ಒಂದೊಂದು ಮಾತನ್ನೂ ಕನ್ನಡಿಸಬೇಕು. ಹಾಗೆಯೇ ಕನ್ಸೋಲಿನ ಭಾಷೆಯನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ದುಭಾಷಿಯ ಕೆಲಸ ಮುಖ್ಯವಾಗಿ ಪ್ರೊಸೆಸರಿನದು. ತೆರೆಯ ಮೇಲೆ ಚಿತ್ರ ಬರೆಯುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ದುಭಾಷಿಯೇ ನಿಧಾನಿಯಾದರೆ ಚಿತ್ರಗಾರನು ಎಷ್ಟು ಚುರುಕಾಗಿದ್ದು ಏನು ಪ್ರಯೋಜನ?

ಇವರಿಬ್ಬರಲ್ಲಿ ಹಿಂದುಳಿದವರು ಯಾರೆಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ಎಮ್ಯುಲೇಟರಿನಲ್ಲಿ ಚಿತ್ರದ ರೆಸಲ್ಯೂಷನ್ನನ್ನು ಮೂರು ಪಟ್ಟು ಎಂದು ಗೊತ್ತುಮಾಡಿದರೆ, ಅಗಲವೂ ಎತ್ತರವೂ ಮುಮ್ಮಡಿಯಾಗಿ ಬರೆಯಬೇಕಾದ ಬಿಂದುಗಳು ಒಂಬತ್ತು ಪಟ್ಟಾಗುತ್ತವೆ. ಅದನ್ನು ಕನ್ಸೋಲಿನ ಮೂಲ ಅಳತೆಗೆ ಇಳಿಸಿ ನೋಡಿರಿ. ಆಟದ ವೇಗ ಹೆಚ್ಚಿದರೆ ಭಾರವು ಕಾರ್ಡಿನ ಮೇಲಿತ್ತು. ಕಿಂಚಿತ್ತೂ ಹೆಚ್ಚದಿದ್ದರೆ ಪ್ರೊಸೆಸರನ್ನು ಸಂಶಯಿಸಬೇಕು.

ಚಿತ್ರವೇ ವಿಕಾರವಾಗಿದ್ದರೆ ಕಾರ್ಡಿನ ಡ್ರೈವರನ್ನು ಮೊದಲು ಹೊಸದಾಗಿಸಬೇಕು. ಬಳಿಕ ಚಿತ್ರ ಬರೆಯುವ ವಿಧಾನವನ್ನು ವಲ್ಕನ್‌ನಿಂದ ಡೈರೆಕ್ಟ್‌3ಡಿಗೆ ಬದಲಿಸಿ ನೋಡಬಹುದು. ಸಾಫ್ಟ್‌ವೇರ್ ವಿಧಾನವನ್ನು ಆರಿಸಿದರೆ ಚಿತ್ರವನ್ನೂ ಪ್ರೊಸೆಸರೇ ಬರೆಯುತ್ತದೆ. ಆಗ ಆಟ ನಿಧಾನವಾದರೂ ಚಿತ್ರ ಸರಿಯಾಗಿ ಬಂದರೆ, ದೋಷವಿರುವುದು ಕಾರ್ಡಿನ ಮೂಲಕ ಬರೆಯಿಸುವ ದಾರಿಯಲ್ಲಿ. ಒಂದೇ ಆಟದಲ್ಲಿ ಹೀಗಾದರೆ ಕಾರ್ಡನ್ನು ದೂರಬಾರದು. ಎಲ್ಲ ಕಾರ್ಯಕ್ರಮಗಳಲ್ಲಿಯೂ ಕಲೆಗಳು ಕಾಣಿಸಿದರೆ ಮಾತ್ರ ಕಾರ್ಡನ್ನೂ ಕೇಬಲನ್ನೂ ಪರೀಕ್ಷೆಗೆ ಒಯ್ಯಬೇಕು. ಹೊಸ ದೃಶ್ಯ ಮೊದಲ ಬಾರಿ ಬರುವಾಗ ತಡೆದು, ಎರಡನೆಯ ಬಾರಿ ಸರಾಗವಾದರೆ ಅದು ರೋಗವೇ ಅಲ್ಲ. ಆ ದೃಶ್ಯಕ್ಕೆ ಬೇಕಾದ ಷೇಡರುಗಳು ಸಿದ್ಧವಾಗುತ್ತಿರುತ್ತವೆ.

ಮತ್ತೆರಡು ಸಂಗತಿಗಳಿವೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎರಡು ಗ್ರಾಫಿಕ್ಸ್ ಭಾಗಗಳಿದ್ದು, ಆಟವು ದುರ್ಬಲವಾದುದರಲ್ಲಿ ನಡೆಯುತ್ತಿರಬಹುದು; ವಿಂಡೋಸಿನ ಡಿಸ್‌ಪ್ಲೇ ವಿಭಾಗದಲ್ಲಿ ಪ್ರಬಲವಾದುದನ್ನು ಆರಿಸಬಹುದು. ಮೇಜಿನ ಕಂಪ್ಯೂಟರಾದರೆ ಮಾನಿಟರಿನ ಕೇಬಲು ಕಾರ್ಡಿಗೇ ಸೇರಿದೆಯೇ ಎಂದು ನೋಡಬೇಕು. ಎರಡನೆಯದು ಉಷ್ಣ. ಮೇ, ಜೂನ್ ತಿಂಗಳುಗಳಲ್ಲಿ ದಿಲ್ಲಿಯ ಶಾಖ 45 ಡಿಗ್ರಿಯನ್ನು ಮುಟ್ಟುವುದುಂಟು. ಧೂಳಂತೂ ವರ್ಷವೆಲ್ಲ ಇದ್ದೇ ಇದೆ. ಆಟವು ಸ್ವಲ್ಪ ಹೊತ್ತು ಚೆನ್ನಾಗಿ ನಡೆದು ಅನಂತರ ಮಂದವಾದರೆ, ಕಾದ ಯಂತ್ರವು ತನ್ನ ರಕ್ಷಣೆಗಾಗಿ ವೇಗವನ್ನು ತಗ್ಗಿಸಿಕೊಂಡಿದೆ ಎಂದು ಊಹಿಸಬಹುದು. ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆದು, ಹಿರಿಯರ ಸಮ್ಮುಖದಲ್ಲಿ ಫ್ಯಾನಿನ ಧೂಳನ್ನು ಮೃದುವಾದ ಕುಂಚದಿಂದ ತೆಗೆಯಬೇಕು.

ಈ ಎಲ್ಲ ಪರೀಕ್ಷೆಗಳಿಗೂ ನಿಯಮವೊಂದೇ: ಒಂದು ಬಾರಿಗೆ ಒಂದನ್ನೇ ಬದಲಿಸಿ, ಫಲವನ್ನು ಕಾಗದದಲ್ಲಿ ಬರೆದಿಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಇಷ್ಟಾದ ಮೇಲೂ ಅಂಗಡಿಗೆ ಹೋಗಬೇಕಾಗಿ ಬಂದರೆ, ಆ ಕಾಗದವು ನಿಮ್ಮ ಕೈಯಲ್ಲಿರಲಿ. ಆಗ ಬೇಕಾದುದನ್ನು ಮಾತ್ರ ಕೊಳ್ಳುವಿರಿ. ಮನೆಯ ಹಣವೂ ಉಳಿಯುವುದು.