ಗೋರಿಯ ದನಿ

ನರಿಯ ಕೂಗು ಗಿರಿ ಮುಟ್ಟೀತೆ? ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವುದು ಕಷ್ಟದ ಕೆಲಸವಲ್ಲ. ಅಲ್ಪರ ನಿಂದೆ ದೊಡ್ಡವರನ್ನು ತಟ್ಟದೆಂಬ ತಾತ್ಪರ್ಯ ವಿದ್ಯಾರ್ಥಿಗಳಿಗೆ ಬೇಗನೆ ತಿಳಿಯುತ್ತದೆ. ಆದರೆ ಆ ಕೂಗನ್ನು ಕಿವಿಯಾರ ಕೇಳಿದವರು ಯಾರೆಂದು ಪ್ರಶ್ನಿಸಿದರೆ ಕೈಯೆತ್ತುವವರು ಒಬ್ಬಿಬ್ಬರು. ಮಾತು ಉಳಿದಿದೆ, ಮಾತಿಗೆ ಆಧಾರವಾಗಿದ್ದ ದನಿ ದೂರವಾಗುತ್ತಿದೆ.

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಗೆ ಹೋಗುವವರಿಗೆ ಮಲೆನಾಡು ಹಿಂದೆ ಸರಿದು ಬಯಲು ತೆರೆದುಕೊಳ್ಳುವುದು ಕಾಣುತ್ತದೆ. ರಾಗಿಯ ಹೊಲ, ತೆಂಗಿನ ತೋಟ, ಕೆರೆಯ ಏರಿ, ಈಚಲ ಪೊದೆ, ನಡುನಡುವೆ ಗೋಮಾಳ: ಇದು ನರಿಯ ಸೀಮೆ. ಇಲಿ, ಏಡಿ, ಸತ್ತ ದನದ ಮಾಂಸ, ಉದುರಿದ ಹಣ್ಣು, ಎಲ್ಲವೂ ಅದಕ್ಕೆ ಆಹಾರ. ಇಲಿಗಳನ್ನು ತಿನ್ನುವುದರಿಂದ ರೈತನಿಗೆ ಅದು ಉಪಕಾರಿಯೇ ಸರಿ. ಬಿಸಿಲಿನಲ್ಲಿ ಮಳೆ ಬಂದರೆ ಕಾಗೆಗೂ ನರಿಗೂ ಮದುವೆಯೆಂದೂ, ಅದೃಷ್ಟ ಕೂಡಿಬಂದವನು ಬೆಳಗ್ಗೆ ನರಿಯ ಮುಖ ನೋಡಿದ್ದನೆಂದೂ ಹೇಳುವ ನಮ್ಮ ಜನ ಈ ಪ್ರಾಣಿಯನ್ನು ಮನೆಮಾತಾಗಿಸಿಕೊಂಡರು. ದುರ್ಗಸಿಂಹನು 11ನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದು ನರಿಗಳ ನೀತಿಯನ್ನೂ ಕುಟಿಲವನ್ನೂ ನಮ್ಮ ಭಾಷೆಯಲ್ಲಿ ಆಡಿಸಿದನು.

ಕನ್ನಡ ಕಾವ್ಯಕ್ಕೆ ಬೇಟೆಯೂ ಹೊಸದಲ್ಲ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಬೇಟೆಯ ವರ್ಣನೆಯುಂಟು. ಹಳಗನ್ನಡದಲ್ಲಿ ‘ದೀವ’ ಎಂದರೆ ಕಾಡುಮೃಗವನ್ನು ಸೆಳೆಯಲು ಪಳಗಿಸಿಟ್ಟ ಮೃಗ. ‘ಗೋರಿ’ ಎಂದರೆ ಮೃಗವನ್ನು ಮರುಳುಗೊಳಿಸಲು ಬೇಟೆಗಾರ ಹಾಡುವ ಹಾಡು. ದನಿಯಿಂದ ಪ್ರಾಣಿಯನ್ನು ಕರೆಯುವ ವಿದ್ಯೆಗೆ ಹೀಗೆ ಪ್ರತ್ಯೇಕವಾದ ಹೆಸರೇ ಇತ್ತು.

ಆ ವಿದ್ಯೆಯನ್ನು ನಮ್ಮ ಕಾಲದವರೆಗೂ ತಂದವರು ಹಕ್ಕಿಪಿಕ್ಕಿ ಜನ. ಹಾಸನ ಜಿಲ್ಲೆಯಲ್ಲಿ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಅವರ ನೆಲೆಗಳಲ್ಲಿ ಒಂದು. ಗುಜರಾತಿಗೆ ಸಮೀಪದ ವಾಗ್ರಿ ಅವರ ಮನೆಯ ಮಾತು. ತಮಿಳುನಾಡಿನಲ್ಲಿ ಅದೇ ಮಾತನ್ನಾಡುವ ಅವರ ಬಂಧುಗಳಿಗೆ ‘ನರಿಕುರವ’ರೆಂದೇ ಹೆಸರು. ಗೌಜಲಹಕ್ಕಿಗೆ ಗೌಜಲದ ದನಿ, ನರಿಗೆ ನರಿಯ ಊಳು. ಇವರ ಗಂಟಲೇ ಇವರ ಆಯುಧ. ಬಲೆಯೂ ಉರುಳೂ ಆಮೇಲಿನವು.

ಕೆಲವು ವರ್ಷಗಳ ಹಿಂದೆ ಅರಕಲಗೂಡಿನ ಕಡೆಯ ಒಂದು ಹಳ್ಳಿಯ ಹೊರಗೆ, ಮುಸ್ಸಂಜೆಯಲ್ಲಿ, ಈ ಜನದ ಹಿರಿಯರೊಬ್ಬರು ನನ್ನ ಕೋರಿಕೆಗೆ ಒಪ್ಪಿ ಆ ದನಿಯನ್ನು ಕೇಳಿಸಿದರು. ಬಲೆಯಿಲ್ಲ, ನಾಯಿಯಿಲ್ಲ, ಅಂಗೈಗಳನ್ನು ಬಾಯಿಗೆ ಮರೆ ಹಿಡಿದರು, ಅಷ್ಟೆ. ಮೊದಲು ಕೆಳಗಿನಿಂದ ಏರಿದ ಒಂದು ನೀಳವಾದ ಕೂಗು. ಬಳಿಕ ಅದು ತುಂಡುತುಂಡಾಗಿ ಒಡೆದು ಹತ್ತು ಬಾಯಿಗಳಿಂದ ಬಂದಂತಾಯಿತು. ಸ್ವಲ್ಪ ಹೊತ್ತು ನಿಶ್ಶಬ್ದ. ಅನಂತರ ಕೆರೆಯ ಆಚೆಯಿಂದ ಒಂದು ನರಿ ಉತ್ತರಿಸಿತು.

“ಅದು ಏನೆಂದಿತು?” ಎಂದು ಕೇಳಿದೆ.

“ನೀನು ಯಾರು ಅಂತ ಕೇಳ್ತದೆ, ಸ್ವಾಮಿ. ಇನ್ನೊಂದ್ಸಲ ಕೂಗಿದ್ರೆ ಬರ್ತದೆ. ಬಂದ್ರೆ ಏನ್ ಮಾಡೋಣ? ಬೇಡ,” ಎಂದರು.

ಆ ಉತ್ತರದಲ್ಲಿ ಪ್ರಾಣಿಶಾಸ್ತ್ರವೂ ಅಡಗಿದೆ. ನರಿಗಳು ಜೋಡಿಯಾಗಿ, ಮರಿಗಳೊಡನೆ ಸಂಸಾರ ಹೂಡಿ ಬಾಳುತ್ತವೆ. ತನ್ನವರನ್ನು ಕೂಡಿಕೊಳ್ಳುವುದಕ್ಕೂ, ಇದು ತಮ್ಮ ಎಲ್ಲೆಯೆಂದು ಪರರಿಗೆ ಸಾರುವುದಕ್ಕೂ ಅವು ಊಳಿಡುತ್ತವೆ. ಬೇಟೆಗಾರ ಹಿಡಿಯುವುದು ನರಿಯ ಹಸಿವನ್ನಲ್ಲ, ಅದರ ಬಂಧುತ್ವವನ್ನು. ಅಮೆರಿಕದ ಬಯಲುಗಳಲ್ಲಿ ನರಿಯ ದಾಯಾದಿಯಾದ ಕಯೋಟಿಯನ್ನು ಕರೆಯುವವರು ಅದರ ಊಳಿನ ಜೊತೆಗೆ ಗಾಯಗೊಂಡ ಮೊಲದ ಚೀರಾಟವನ್ನೂ ಸೀಟಿ, ಯಂತ್ರಗಳಿಂದ ಹೊರಡಿಸುತ್ತಾರೆ. ಅಲ್ಲಿ ವರ್ಷವರ್ಷವೂ ಸಾವಿರಾರು ಕಯೋಟಿಗಳನ್ನು ಕೊಂದರೂ ಆ ಪ್ರಾಣಿ ಖಂಡದ ಉದ್ದಗಲಕ್ಕೆ ಹಬ್ಬಿದೆ. ನಮ್ಮ ನರಿಗೆ ಆ ಭಾಗ್ಯವಿಲ್ಲ. ಗೋಮಾಳ ಕರಗಿದ ಕಡೆಯಲ್ಲೆಲ್ಲ ಅದರ ಮನೆಯೂ ಕರಗಿದೆ.

ನರಿಗೆ ಇನ್ನೊಂದು ಶತ್ರುವುಂಟು, ಅದು ನಮ್ಮ ಮೌಢ್ಯ. ‘ನರಿಕೊಂಬು’ ಜೇಬಿನಲ್ಲಿದ್ದರೆ ಬಯಸಿದ್ದು ಕೈಗೂಡುವುದೆಂಬ ನಂಬಿಕೆ ಹಳೆಯದು. ಎಮರ್ಸನ್ ಟೆನೆಂಟನು ಸಿಂಹಳದ ಪ್ರಾಣಿಗಳನ್ನು ಕುರಿತು 1861ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಅದರ ಪ್ರಸ್ತಾಪವಿದೆ. ನರಿಗೆ ಆಡು ಕುರಿಗಳಂತೆ ಕೊಂಬು ಬೆಳೆಯುವುದಿಲ್ಲವೆಂದು ಬಲ್ಲವರೂ ಅದನ್ನು ಕೊಳ್ಳುತ್ತಾರೆ. ಬಲೆ ಬೀಸಿದವನು ಅಪರಾಧಿಯಾದರೆ, ಬೆಲೆ ಕೊಟ್ಟು ಬೀಸಿಸಿದ ಪಟ್ಟಣಿಗನು ನಿರಪರಾಧಿಯೆ?

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಬೇಟೆಯನ್ನು ತಡೆಯಿತು. 2022ರ ತಿದ್ದುಪಡಿಯು ನರಿಯನ್ನು ಮೊದಲನೆಯ ಪರಿಶಿಷ್ಟದಲ್ಲಿ ಇರಿಸಿತು. ಇದು ಆಗಬೇಕಾದದ್ದೇ. ಆದರೆ ಕಾಯಿದೆಯ ಒಂದು ಗೆರೆಯಿಂದ ಒಂದು ಜನಾಂಗದ ಪಿತ್ರಾರ್ಜಿತ ವಿದ್ಯೆಯೆಲ್ಲ ಅಪರಾಧವಾಯಿತೆಂಬುದನ್ನೂ ಮರೆಯಲಾಗದು. ಹಕ್ಕಿಪಿಕ್ಕಿಗಳು ಎದೆಗುಂದಲಿಲ್ಲ. ಗಿಡಮೂಲಿಕೆ, ಕೇಶತೈಲಗಳ ವ್ಯಾಪಾರ ಹಿಡಿದು ಆಫ್ರಿಕದವರೆಗೂ ನಡೆದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಕದನ ಹೊತ್ತಿಕೊಂಡಾಗ ಅಲ್ಲಿ ಸಿಲುಕಿದ ಭಾರತೀಯರಲ್ಲಿ ಇವರೂ ಇದ್ದರೆಂಬುದು ಪತ್ರಿಕೆಗಳನ್ನು ಓದಿದವರಿಗೆ ನೆನಪಿರಬಹುದು.

ಬೇಟೆ ಮರಳಿ ಬರಬೇಕಾಗಿಲ್ಲ. ಆದರೆ ದನಿ ಉಳಿಯಬೇಕು. ಹಕ್ಕಿಯ, ಮೃಗದ ಒಂದೊಂದು ಕೂಗಿನ ಅರ್ಥವನ್ನೂ, ಅದು ಹೊರಡುವ ಹೊತ್ತನ್ನೂ, ಸ್ಥಳವನ್ನೂ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಕೊರಳನ್ನು, ಅವರ ವಾಗ್ರಿ ಮಾತಿನಲ್ಲಿಯೇ, ಧ್ವನಿಮುದ್ರಿಸಿಕೊಳ್ಳುವುದು ನಮ್ಮ ವಿಶ್ವವಿದ್ಯಾಲಯಗಳಿಗೆ ಅಸಾಧ್ಯವೇನಲ್ಲ. ಊಳನ್ನು ಕೇಳಿ ನರಿಗಳನ್ನು ಎಣಿಸಬೇಕಾದ ಅರಣ್ಯ ಇಲಾಖೆಗೆ ಇವರಿಗಿಂತ ಬಲ್ಲ ಗುರುಗಳು ಎಲ್ಲಿ ದೊರೆತಾರು?

ಇಂದಿನ ಕನ್ನಡದಲ್ಲಿ ‘ಗೋರಿ’ ಎಂದರೆ ಸಮಾಧಿ ಮಾತ್ರ. ಅದು ಪಾರಸಿಯಿಂದ ಬಂದ ಬೇರೆಯ ಶಬ್ದ. ಹಾಡೆಂಬ ಹಳೆಯ ಅರ್ಥ ನಿಘಂಟಿನಲ್ಲಿ ಮಲಗಿದೆ. ಆ ಅರ್ಥವನ್ನು ಬಾಯಲ್ಲಿ ಉಳಿಸಿಕೊಂಡವರು ನಮ್ಮ ಜಿಲ್ಲೆಯಲ್ಲಿಯೇ ಇರುವಾಗ, ಹೋಗಿ ಕೇಳುವುದೊಂದೇ ನಮಗೆ ಉಳಿದಿರುವ ಕೆಲಸ.