ಮೇಣದ ಬತ್ತಿಗೆ ಯೋಗ್ಯವಾದ ಬಣ್ಣ

ಅಲ್ಪ ಬಂಡವಾಳದಿಂದ ಮನೆಯಲ್ಲಿಯೇ ಕೈಗೊಳ್ಳಬಹುದಾದ ಉದ್ಯೋಗಗಳಲ್ಲಿ ಮೇಣದ ಬತ್ತಿ ತಯಾರಿಕೆಯೂ ಒಂದು. ಆದರೆ ಬಣ್ಣದ ಆಯ್ಕೆಯಲ್ಲಿ ತಪ್ಪಿದರೆ ನೋಡಲು ಅಂದವಾದ ಬತ್ತಿಯೂ ಸರಿಯಾಗಿ ಉರಿಯದು. ಹೂಡಿದ ಹಣ, ಪಟ್ಟ ಶ್ರಮ ಎರಡೂ ವ್ಯರ್ಥವಾಗುತ್ತವೆ.

ಪ್ಯಾರಫಿನ್ ಮೇಣವು ಪೆಟ್ರೋಲಿಯಂನಿಂದ ದೊರೆಯುವ ಪದಾರ್ಥ, ನೀರಿನೊಡನೆ ಬೆರೆಯದು. ಆದುದರಿಂದ ನೀರಿನಲ್ಲಿ ಕರಗುವ ಅಡುಗೆಯ ಬಣ್ಣಗಳು ಅದರಲ್ಲಿ ಕರಗದೆ ತಳದಲ್ಲಿ ನಿಲ್ಲುತ್ತವೆ. ಕ್ರೇಯಾನ್ ಹಾಗೂ ರಂಗೋಲಿ ಪುಡಿಯ ಕಣಗಳು ಬತ್ತಿಯ ನೂಲಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತವೆ. ಕರಗಿದ ಮೇಣವು ಮೇಲೇರಲಾರದೆ ಜ್ವಾಲೆ ಕುಗ್ಗಿ ನಂದುತ್ತದೆ. ಎಣ್ಣೆಯಲ್ಲಿ ಕರಗುವ, ಮೇಣದ ಬತ್ತಿಗೆಂದೇ ತಯಾರಿಸಿದ ಬಣ್ಣವೇ ಯೋಗ್ಯವಾದುದು.

ಮೇಣವನ್ನು ನೇರವಾಗಿ ಉರಿಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ಸುಮಾರು 80 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬಣ್ಣವನ್ನು ಚಿಟಿಕೆ ಚಿಟಿಕೆಯಾಗಿ ಬೆರೆಸಿ ಚೆನ್ನಾಗಿ ಕದಡಬೇಕು. ದ್ರವರೂಪದಲ್ಲಿ ಗಾಢವಾಗಿ ತೋರುವ ಬಣ್ಣ ಗಟ್ಟಿಯಾದ ಮೇಲೆ ತಿಳಿಯಾಗುತ್ತದೆ; ಒಂದು ಹನಿಯನ್ನು ಬಿಳಿಯ ತಟ್ಟೆಯ ಮೇಲೆ ಆರಿಸಿ ನೋಡಿದರೆ ನಿಜವಾದ ಛಾಯೆ ತಿಳಿಯುವುದು.

ಮೇಣಕ್ಕೆ ಬೆಂಕಿ ಹೊತ್ತಿದರೆ ನೀರನ್ನು ಎಂದಿಗೂ ಸುರಿಯಬಾರದು. ಒಲೆಯನ್ನು ಆರಿಸಿ ಪಾತ್ರೆಯ ಮೇಲೆ ಮುಚ್ಚಳವಿಡಬೇಕು. ಮಾರಾಟಕ್ಕೆ ಮುನ್ನ ಪ್ರತಿಯೊಂದು ಬಣ್ಣದ ಒಂದು ಬತ್ತಿಯನ್ನಾದರೂ ಕೊನೆಯವರೆಗೆ ಉರಿಸಿ ಪರೀಕ್ಷಿಸುವುದು ಒಳಿತು.